ನವಿಲಿನ ಬಾಲದ ಹುಲಿ ಏನು ತಿನ್ನುತ್ತೆ?

ಹುಲಿಗೆ ನವಿಲಿನ ಗರಿ ಅಂಟಿಸಿದರೆ ಆ ಹುಲಿ ಒಂದು ವಾರವೂ ಬದುಕುವುದಿಲ್ಲ. ಇದನ್ನು 11 ವರ್ಷದ ಹುಡುಗಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅಕ್ಕನ ಮಗಳು ಬಣ್ಣದ ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದಳು.

ಜುಲೈ ಕೊನೆಯ ವಾರದ ಮಾತು. ವಿರಾಜಪೇಟೆಯಿಂದ ಶನಿವಾರ ಬಂದವಳು ಭಾನುವಾರ ಸಂಜೆ ವಾಪಸ್ ಹೋಗಬೇಕಿತ್ತು. ಮಳೆ ಬಿಡಲಿಲ್ಲ. ಸೋಮವಾರ ಶಾಲೆಗೆ ರಜೆ ಅಂತ ಜಿಲ್ಲಾಧಿಕಾರಿಗಳ ಆದೇಶ ಬಂತು. ಮಂಗಳವಾರಕ್ಕೂ ಬಂತು. ನಮ್ಮ ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಅಂತಲೇ ಲೆಕ್ಕ. ಟಿವಿ ಇಲ್ಲ, ಮೊಬೈಲಿಗೆ ಚಾರ್ಜ್ ಇಲ್ಲ. ಇದ್ದದ್ದು ಅವಳ ಬ್ಯಾಗಿನಲ್ಲಿ ಸುರುಳಿ ಸುತ್ತಿದ ಒಂದು ಚಾರ್ಟು. ‘ನಮ್ಮ ರಾಷ್ಟ್ರೀಯ ಸಂಕೇತಗಳು’. ಹುಲಿ, ನವಿಲು, ಕಮಲ, ಆಲದ ಮರ, ಮಾವಿನ ಹಣ್ಣು. ಮೂಲೆಯಲ್ಲಿ ಒಂದು ಹಾಕಿ ಕೋಲೂ ಇತ್ತು. (ಹಾಕಿಯನ್ನು ರಾಷ್ಟ್ರೀಯ ಕ್ರೀಡೆ ಅಂತ ಸರ್ಕಾರ ಯಾವತ್ತೂ ಘೋಷಿಸಿಲ್ಲ. ಕೊಡಗಿನಲ್ಲಿ ನಿಂತು ಇದನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ.)

ಬೇಜಾರಾಗಿ ಪುಟ್ಟಿ ಎಲ್ಲವನ್ನೂ ಸೇರಿಸಿ ಒಂದೇ ಪ್ರಾಣಿ ಬರೆದಳು. ಹುಲಿಯ ಮೈ, ನವಿಲಿನ ಗರಿ, ತಲೆ ಮೇಲೆ ಕಮಲ, ಗಡ್ಡಕ್ಕೆ ಆಲದ ಬಿಳಲು. ಚಿತ್ರ ಚೆನ್ನಾಗಿಯೇ ಇತ್ತು. ನಾನು ಸುಮ್ಮನಿರಬೇಕಿತ್ತು.

“ಇದು ಏನು ತಿನ್ನುತ್ತೆ?” ಅಂದೆ.

“ಜಿಂಕೆ.”

“ಹಿಡಿಯೋದು ಹೇಗೆ?”

ಗಂಡು ನವಿಲಿನ ಗರಿಯ ಗೊಂಚಲು ಒಂದೂವರೆ ಮೀಟರಿನ ಆಸುಪಾಸು ಇರುತ್ತದೆ. ಬೇಸಿಗೆಯಲ್ಲಿ ಒಣ ಕಾಫಿ ಎಲೆಯ ಮೇಲೆ ಅದನ್ನು ಎಳೆದುಕೊಂಡು ನಡೆದರೆ ಪೊರಕೆ ಎಳೆದ ಸದ್ದು ಬರುತ್ತದೆ. ಹುಲಿಯ ಹೊಟ್ಟೆಪಾಡು ನಡೆಯುವುದೇ ಸದ್ದಿಲ್ಲದೆ ಹತ್ತಿರ ಹೋಗುವುದರಿಂದ. ಪಟ್ಟೆ ಇರುವುದು ಹುಲ್ಲಿನ ನೆರಳಿನಲ್ಲಿ ಅಡಗಿಕೊಳ್ಳಲು. ಅದಕ್ಕೆ ಹೊಳೆಯುವ ನೀಲಿ ಕಣ್ಣುಗಳ ಬೀಸಣಿಗೆ ಕಟ್ಟಿದರೆ ಅರ್ಧ ಮೈಲಿ ದೂರದ ಜಿಂಕೆಗೂ ಇದು ಬರುತ್ತಿದೆ ಅಂತ ಗೊತ್ತಾಗುತ್ತದೆ, ಅಲ್ವಾ?

“ಹಾಗಾದ್ರೆ ನೀವೇ ಒಂದು ಮಾಡಿ ನೋಡೋಣ ಮಾವ” ಅಂದಳು. ಅಲ್ಲಿಂದ ಶುರುವಾಯಿತು. ನಾಲ್ಕು ದಿನ ಅದೇ ಕೆಲಸ.

ಬೇರೆ ಬೇರೆ ಪ್ರಾಣಿಗಳನ್ನು ಜೋಡಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ದೇಶಗಳೇ ಮಾಡಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಪ್ರಾಣಿ ಯೂನಿಕಾರ್ನ್, ಹಣೆಗೆ ಒಂದೇ ಕೊಂಬಿರುವ ಕುದುರೆ. ಭೂಮಿಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಸಿಂಗಪುರದ ಮರ್‌ಲಯನ್‌ಗೆ ಸಿಂಹದ ತಲೆ, ಮೀನಿನ ಮೈ. ಅದೇನೂ ಹಳೇ ಪುರಾಣದಿಂದ ಎದ್ದು ಬಂದದ್ದಲ್ಲ. 1964ರಲ್ಲಿ ಅಲ್ಲಿನ ಪ್ರವಾಸೋದ್ಯಮ ಮಂಡಳಿಯ ಲಾಂಛನಕ್ಕೆ ಅಂತ ಫ್ರೇಸರ್ ಬ್ರನ್ನರ್ ಎಂಬ ಮೀನುತಜ್ಞ ಬರೆದುಕೊಟ್ಟದ್ದು.

ಭೂತಾನಿನ ತಾಕಿನ್ ಇದಕ್ಕೆ ಉಲ್ಟಾ. ಅದು ನಿಜವಾಗಿಯೂ ಇರುವ ಪ್ರಾಣಿ. ಆದರೆ ಮೂತಿ ಮೇಕೆಯ ಹಾಗೆ, ಮೈ ದನದ ಹಾಗೆ. ನೋಡಿದರೆ ಯಾರೋ ಅವಸರದಲ್ಲಿ ಜೋಡಿಸಿದಂತೆ ಕಾಣುತ್ತದೆ. ಅದಕ್ಕೇ ಅಲ್ಲಿನವರು ಒಂದು ಕತೆ ಹೇಳುತ್ತಾರೆ. ದ್ರುಕ್ಪಾ ಕುನ್ಲೆ ಎಂಬ ತಿಕ್ಕಲು ಸನ್ಯಾಸಿಗೆ ಪವಾಡ ತೋರಿಸು ಅಂದರಂತೆ. ಮೊದಲು ಊಟ ಹಾಕಿ ಅಂದನಂತೆ. ಇಡೀ ಹಸು, ಇಡೀ ಮೇಕೆ ತಿಂದು ಮುಗಿಸಿದ. ಆಮೇಲೆ ಮೇಕೆಯ ತಲೆಯನ್ನು ಹಸುವಿನ ಮೂಳೆಗಳಿಗೆ ಸಿಕ್ಕಿಸಿ ಏಳು ಅಂದ. ಅದು ಎದ್ದು ಗುಡ್ಡಕ್ಕೆ ಹೋಗಿ ಹುಲ್ಲು ಮೇಯತೊಡಗಿತು. ಈ ಕತೆಯಲ್ಲಿ ನನಗೆ ಪವಾಡಕ್ಕಿಂತ ಆ ಹುಲ್ಲು ಮೇಯುವ ಮಾತೇ ಇಷ್ಟ. ತಲೆ ಸಿಕ್ಕಿಸಿದಾಗ ಅದು ಬರೀ ಮೂಳೆ. ಮೇಯಲು ಹೋದ ಮೇಲೆ ಪ್ರಾಣಿ.

“ನಮ್ಮಲ್ಲಿ ಇಂಥದ್ದು ಇಲ್ವಾ?” ಅಂದಳು. ಬೀರುವಿನಿಂದ ಸರ್ಕಾರಿ ಕಾಗದವೊಂದನ್ನು ತೆಗೆದು ಮೇಲಿನ ಲಾಂಛನ ತೋರಿಸಿದೆ. ಮಧ್ಯದಲ್ಲಿ ಎರಡು ತಲೆಯ ಗಂಡಭೇರುಂಡ. ಎರಡೂ ಪಕ್ಕ ನಿಂತಿರುವುದು ಸಿಂಹ ಅಂತ ಅವಳು ಅಂದುಕೊಂಡಿದ್ದಳು. ಕಣ್ಣಿಗೆ ಹತ್ತಿರ ಹಿಡಿದು ನೋಡಿದ ಮೇಲೆ “ಅಯ್ಯೋ, ಸೊಂಡಿಲಿದೆ!” ಅಂದಳು. ಹೌದು. ಆನೆ ಸೊಂಡಿಲಿನ ಸಿಂಹ, ಶರಭ. ಶಾಲೆ ಸೇರಿದಾಗಿನಿಂದ ಪುಸ್ತಕದ ಮೇಲೆ, ಕಚೇರಿಯ ಬೋರ್ಡಿನ ಮೇಲೆ ಅದನ್ನು ನೋಡುತ್ತಲೇ ಇದ್ದಾಳೆ. ನಾನೂ ಎಷ್ಟೋ ವರ್ಷ ನೋಡಿ ನೋಡದ ಹಾಗೇ ಇದ್ದೆ.

ಗಂಡಭೇರುಂಡಕ್ಕೆ ವಯಸ್ಸು ಕಡಿಮೆಯೇನಲ್ಲ. ಬಳ್ಳಿಗಾವಿಯಲ್ಲಿ 1047ರ ಕಂಬವೊಂದರ ಮೇಲೆ ಅದು ನಿಂತಿದೆ. ಅಲ್ಲಿ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಬರುವ ಗಂಡಭೇರುಂಡ ನನಗೆ ಇನ್ನೂ ಜಾಸ್ತಿ ಇಷ್ಟ. ಕೊಕ್ಕಿನಲ್ಲೂ ಕಾಲುಗುರಿನಲ್ಲೂ ಅದು ಆನೆಗಳನ್ನು ಹಿಡಿದುಕೊಂಡಿದೆ. ಉಗುರಿನಷ್ಟಿರುವ ನಾಣ್ಯದಲ್ಲಿ ಆ ಹಕ್ಕಿ ಎಷ್ಟು ದೊಡ್ಡದು ಅಂತ ಹೇಳುವುದು ಹೇಗೆ? ಟಂಕಿಸಿದವನು ಹಕ್ಕಿಯನ್ನು ದೊಡ್ಡದು ಮಾಡಲು ಹೋಗಲಿಲ್ಲ. ಆನೆಯನ್ನು ಇಲಿಯ ಹಾಗೆ ಮಾಡಿಬಿಟ್ಟ. ಆನೆಯನ್ನು ಹತ್ತಿರದಿಂದ ಕಂಡವರಿಗೆ ಅಷ್ಟು ಸಾಕು, ಬೆನ್ನಿನಲ್ಲಿ ಚಳಿ ಹತ್ತುತ್ತದೆ. ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನನ್ನ ಸ್ವಂತದ ಪ್ರಾಣಿಯ ವಿಷಯ ಹೇಳಬೇಕು. ಅದು ಹುಟ್ಟಿದ್ದು ಒಂದು ಮಾತು ತಪ್ಪಾಗಿ ಅರ್ಥವಾದದ್ದರಿಂದ.

ನಮ್ಮ ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್. ಪಕ್ಕದ ಮನೆಯ ಅಜ್ಜ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಹಳೇ ಕತೆ ಹೇಳುತ್ತಿದ್ದರು. ನನಗಾಗ ಆರೋ ಏಳೋ ವರ್ಷ. ಅವರ ಹಿರಿಯರ ಕಾಲದಲ್ಲಿ ‘ನರಿ ಮಂಗಲ’ ಅಂತ ಒಂದು ನಡೆಯುತ್ತಿತ್ತಂತೆ. ನರಿಯನ್ನು ಕೊಂದವನನ್ನು ಮದುಮಗನ ಹಾಗೆ ಸಿಂಗರಿಸಿ ನರಿಯ ಪಕ್ಕದಲ್ಲೇ ಕೂರಿಸುತ್ತಿದ್ದರಂತೆ. ಊರಿನವರೆಲ್ಲ ಬಂದು ಅಕ್ಕಿ ಹಾಕಿ ಹರಸುತ್ತಿದ್ದರಂತೆ. ಥೇಟ್ ಮದುವೆಯ ಹಾಗೇ.

ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಇದು ನನಗೆ ಗೊತ್ತಿರಲಿಲ್ಲ. ನನಗೆ ನರಿ ಅಂದರೆ ಕೋಳಿ ಕದಿಯುವ ನರಿ. ಅದನ್ನು ಕೊಂದರೆ ಮದುವೆ ಯಾಕೆ ಮಾಡುತ್ತಾರೆ? ನಾನೇ ಉತ್ತರ ಹುಡುಕಿಕೊಂಡೆ. ಅದು ಮಾಮೂಲಿ ನರಿ ಆಗಿರಲಿಕ್ಕಿಲ್ಲ. ಎತ್ತಿನಷ್ಟು ದೊಡ್ಡದಿರಬೇಕು.

ಇದರ ಜೊತೆಗೆ ಇನ್ನೊಂದು ಸೇರಿಕೊಂಡಿತು. ಬಿಸಿಲೂ ಮಳೆಯೂ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅನ್ನುತ್ತಾರಲ್ಲ, ಅದು. ಎರಡು ಕಡೆ ನರಿ, ಎರಡು ಕಡೆ ಮದುವೆ. ಒಂದೇ ನರಿ ಅಂತ ನಾನು ತೀರ್ಮಾನ ಮಾಡಿದೆ. ಕೊಡವ ಮದುಮಗನ ಹಾಗೆ ಬಿಳಿ ಕುಪ್ಯದ ನಿಲುವಂಗಿ ತೊಟ್ಟು, ನಡುವಿಗೆ ಕೆಂಪು ಚೇಲೆ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಎತ್ತಿನಷ್ಟು ದೊಡ್ಡ ನರಿ ತೋಟದೊಳಗಿಂದ ನಡೆದು ಬರುತ್ತದೆ. ಬಿಸಿಲು ಮಳೆ ಇರುವಷ್ಟು ಹೊತ್ತು ಮಾತ್ರ. ಅದು ಹೆಣ್ಣು ಹುಡುಕಿಕೊಂಡು ಬರುವುದು. ಕಾಗೆ ಸಿಕ್ಕಿದರೆ ಸರಿ. ಸಿಗದಿದ್ದರೆ ಮೊದಲು ಕಣ್ಣಿಗೆ ಬಿದ್ದವರು. ಸೆಪ್ಟೆಂಬರಿನಲ್ಲಿ ಮಳೆ ಹಿಂದೆ ಸರಿಯುವಾಗ ಅಂಥ ಹೊತ್ತು ದಿನಕ್ಕೆ ಎರಡು ಸಲ ಬರುತ್ತಿತ್ತು. ಕಣದ ಮಧ್ಯೆ ಆಡುತ್ತಿದ್ದವನು ಅಲ್ಲೇ ಗಟ್ಟಿಯಾಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನಾನು ನೋಡದಿದ್ದರೆ ಅದಕ್ಕೂ ನಾನು ಕಾಣುವುದಿಲ್ಲ ಅಂತ ಲೆಕ್ಕ. ಕೆನ್ನೆಯ ಮೇಲೆ ಬಿಸಿಲು, ತಲೆಯ ಮೇಲೆ ಹನಿ. ಅಮ್ಮ ಒಳಗಿನಿಂದ “ಏನೋ ಅದು, ನೆನೀತಾ ನಿಂತಿದ್ದೀಯ” ಅಂತ ಕೂಗುವವರೆಗೂ ಹಾಗೇ.

ಹೈಸ್ಕೂಲಿನಲ್ಲಿ ಹಳೇ ಫೋಟೋ ಒಂದನ್ನು ನೋಡಿದಾಗ ಗೊತ್ತಾಯಿತು ಅದು ಹುಲಿ ಅಂತ. ಅಷ್ಟು ಹೊತ್ತಿಗೆ ನರಿ ಮಂಗಲದ ಕಾಲವೇ ಮುಗಿದುಹೋಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷ ಪ್ರಾಜೆಕ್ಟ್ ಟೈಗರ್ ಶುರುವಾಯಿತು. ಅದೇ ಹೊತ್ತಿಗೆ ಸಿಂಹವನ್ನು ಪಕ್ಕಕ್ಕಿಟ್ಟು ಹುಲಿಯನ್ನು ರಾಷ್ಟ್ರೀಯ ಪ್ರಾಣಿ ಮಾಡಿದರು. ಹುಲಿ ಅಂತ ತಿಳಿದ ಮೇಲೆ ನನಗೆ ಸಮಾಧಾನ ಆಗಲಿಲ್ಲ. ಒಂಥರಾ ಬೇಸರವಾಯಿತು. ನನ್ನ ನರಿ ಹೋಯಿತಲ್ಲ.

ಪುಟ್ಟಿ ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಸೇಡು ತೀರಿಸಿಕೊಂಡಳು.

“ಅದು ಏನು ತಿನ್ನುತ್ತೆ?”

“ಮದುವೆ ಊಟ. ಕಡಂಬುಟ್ಟು, ಪಂದಿಕರಿ.”

ಒಪ್ಪಿದಳು.

ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಪ್ರಾಣಿಯಿಂದ ಆಗಲಿ ಗಿಡದಿಂದ ಆಗಲಿ ಅಂಗ ಕದಿಯಬಾರದು. ಚಾಳಿ ಕದಿಯಬೇಕು. ಕೊಂಬು, ರೆಕ್ಕೆ, ಬಾಲ ಯಾರು ಬೇಕಾದರೂ ಅಂಟಿಸುತ್ತಾರೆ. ಅದು ಹೇಗೆ ಬದುಕುತ್ತದೆ, ಯಾವಾಗ ಬರುತ್ತದೆ, ಏನು ಮಾಡಲು ಅದಕ್ಕೆ ಆಗುವುದಿಲ್ಲ, ಅದನ್ನು ತೆಗೆದುಕೊಳ್ಳಬೇಕು.

ಕಮಲದಿಂದ ಶುರು ಮಾಡಿದೆವು. ಕಮಲ ಅಂದ ತಕ್ಷಣ ಎಲ್ಲರೂ ದಳ ಬರೆಯುತ್ತಾರೆ. ಆದರೆ ಕಮಲಕ್ಕೆ ಒಂದು ವಿಚಿತ್ರ ಚಾಳಿ ಇದೆ. ಅದು ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. ಅರಳುವ ಆ ಎರಡು ಮೂರು ದಿನ, ಸುತ್ತಲಿನ ಗಾಳಿ 10 ಡಿಗ್ರಿಗೆ ಇಳಿದರೂ ಹೂವಿನ ಒಳಗೆ 30ರಿಂದ 36 ಡಿಗ್ರಿ ಇರುತ್ತದೆ. ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬೆಚ್ಚಗೆ. ದುಂಬಿಗಳು ಆ ಬಿಸಿಗೆ ಬಂದು ರಾತ್ರಿ ಒಳಗೇ ಉಳಿದುಬಿಡುತ್ತವೆ, ಪರಾಗದ ಕೆಲಸ ಆಗುತ್ತದೆ.

ಆ ಬಿಸಿಯನ್ನು ನಾವು ನಮ್ಮ ಗದ್ದೆಗೆ ತಂದೆವು. ಜುಲೈ ಅಂದರೆ ನಾಟಿಯ ಕಾಲ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬೆಳಗಿಂದ ಕೆಸರಿನಲ್ಲಿ ಬಗ್ಗಿ ನಿಂತವರ ಕಾಲು ಮಧ್ಯಾಹ್ನದ ಹೊತ್ತಿಗೆ ತಮ್ಮದಲ್ಲ ಅನ್ನುವ ಹಾಗೆ ಮರಗಟ್ಟಿರುತ್ತದೆ. ಅಂಥ ಗದ್ದೆಯ ಮೂಲೆಯಲ್ಲಿ ಬೆಚ್ಚಗಪ್ಪೆ ಇರುತ್ತದೆ. ಬೋಗುಣಿಯಷ್ಟು ದೊಡ್ಡದು, ಕೆಸರಿನದೇ ಬಣ್ಣ, ಹಾರಲು ಸೋಮಾರಿ. ಅದು ಕೂತ ಜಾಗದ ಸುತ್ತ ಒಂದು ಮಾರು ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಿರುತ್ತದೆ. ಏನು ತಿನ್ನುತ್ತೆ? ಇಂಬಳ. ಇಂಬಳಕ್ಕೆ ಬಿಸಿ ಮೈ ಎಲ್ಲಿದೆ ಅಂತ ಗೊತ್ತಾಗುತ್ತದೆ, ಹುಡುಕಿಕೊಂಡು ಬರುತ್ತದೆ. ಬೆಚ್ಚಗಪ್ಪೆ ಎದ್ದು ಬೇಟೆಗೆ ಹೋಗಬೇಕಾಗಿಯೇ ಇಲ್ಲ. ಊಟ ತಾನಾಗಿ ಬರುತ್ತದೆ, ನಾಲಿಗೆ ಚಾಚಿದರಾಯಿತು. ನಾಟಿ ಹೆಂಗಸರು ಅದನ್ನು ಓಡಿಸುವುದಿಲ್ಲ. ಸರದಿಯಲ್ಲಿ ಹೋಗಿ ಅದರ ಪಕ್ಕ ಎರಡು ನಿಮಿಷ ನಿಂತು ಬರುತ್ತಾರೆ. ಹಿಡಿದು ಮನೆಗೆ ಒಯ್ದರೆ ಮಾತ್ರ ಅದು ತಣ್ಣಗಾಗಿಬಿಡುತ್ತದೆ.

ಈ ಕೊನೆಯದು ಪುಟ್ಟಿಯ ಸೇರ್ಪಡೆ. ನನಗೆ ಹೊಳೆದಿರಲಿಲ್ಲ.

ಡಾಲ್ಫಿನ್ ಬೇಗ ಮುಗಿಯಿತು. ನಮ್ಮ ರಾಷ್ಟ್ರೀಯ ಜಲಚರ ಗಂಗಾ ಡಾಲ್ಫಿನ್. ಅದರ ಕಣ್ಣಿನಲ್ಲಿ ಮಸೂರವೇ ಇಲ್ಲ. ಕೆಸರು ನೀರಿನಲ್ಲಿ ಟಿಕ್ ಟಿಕ್ ಅಂತ ಸದ್ದು ಮಾಡಿ, ಅದು ತಿರುಗಿ ಬರುವುದನ್ನು ಕೇಳಿ ದಾರಿ ಕಂಡುಕೊಳ್ಳುತ್ತದೆ. ನಾವು ಮೇಣದಬತ್ತಿ ಆರಿಸಿ, ಚಿಟಿಕೆ ಹೊಡೆಯುತ್ತ ಅಡುಗೆಮನೆಗೆ ಹೋಗಲು ನೋಡಿದೆವು. ನನ್ನ ಮೊಣಕಾಲು ಬೆಂಚಿಗೆ ತಾಗಿತು. “ಗಂಗೇದು ಕಾವೇರಿಗೆ ಯಾಕೆ ಮಾವ, ಬಿಡಿ” ಅಂದಳು.

ಆಲದ ಮರದ್ದು ಜಾಸ್ತಿಯೇ ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ಬರಬಾರದಿತ್ತು. ಕಾಡಿನಲ್ಲಿ ಆಲ ಎಷ್ಟೋ ಸಲ ಹುಟ್ಟುವುದೇ ಇನ್ನೊಂದು ಮರದ ಮೇಲೆ. ಹಕ್ಕಿ ಹಣ್ಣು ತಿಂದು ಕೊಂಬೆಯ ಸಂದಿಯಲ್ಲಿ ಹಿಕ್ಕೆ ಹಾಕುತ್ತದೆ. ಅಲ್ಲಿ ಎರಡು ಎಲೆ ಬರುತ್ತದೆ. ಪಾಪದ್ದು, ನೆಂಟನ ಹಾಗೆ. ಅದು ಬಿಳಲು ಇಳಿಸುತ್ತದೆ. ಬಿಳಲು ನೆಲ ಮುಟ್ಟಿದ ದಿನದಿಂದ ಲೆಕ್ಕಾಚಾರ ಬದಲಾಗುತ್ತದೆ. ಕೊನೆಗೆ ಆಲ ಉಳಿಯುತ್ತದೆ, ಒಳಗಿದ್ದ ಮರ ಸತ್ತು ಟೊಳ್ಳಾಗುತ್ತದೆ. ನಾನು ಇದರಿಂದ ‘ಒರಗ’ ಮಾಡಿದೆ. ಬೆಕ್ಕಿನ ಮರಿಯಷ್ಟಿರುವ ಜೀವ. ಮಲಗಿದವರ ಬೆನ್ನಿಗೆ ಒರಗಿ ಮಲಗುತ್ತದೆ. ಬೆಚ್ಚಗೆ, ಹಿತವಾಗಿರುತ್ತದೆ. ಓಡಿಸಲು ಮನಸ್ಸು ಬರುವುದಿಲ್ಲ. ಐವತ್ತು ವರ್ಷ ಕಳೆದ ಮೇಲೆ ಹಾಸಿಗೆಯಲ್ಲಿ ಅದೊಂದೇ ಇರುತ್ತದೆ.

ಪುಟ್ಟಿ ನೋಟ್‌ಬುಕ್ ಮುಚ್ಚಿದಳು. “ಇದು ಬೇಡ.” ಆ ರಾತ್ರಿ ಅಮ್ಮನ ಹತ್ತಿರ, ಗೋಡೆಗೆ ಬೆನ್ನು ಒತ್ತಿಕೊಂಡು ಮಲಗಿದಳು. ನನಗೆ ಅಮ್ಮನಿಂದ ಬೈಗುಳ ಸಿಕ್ಕಿತು.

ಅದೇ ರಾತ್ರಿ ಹಿತ್ತಲ ಹಲಸಿನ ಮರಕ್ಕೆ ಆನೆ ಬಂತು. ಜುಲೈಯಲ್ಲಿ ಹಲಸು ಮುಗಿಯುತ್ತ ಬಂದಿರುತ್ತದೆ, ಕೊನೆಯ ನಾಲ್ಕು ಹಣ್ಣು ಇದ್ದವು. ಆನೆ ನಡೆದು ಬಂದ ಸದ್ದೇ ಕೇಳುವುದಿಲ್ಲ. ಪಾದದಡಿ ದಿಂಬಿನಂಥ ಮೆತ್ತೆ ಇರುತ್ತದೆ. ಕೊಂಬೆ ಲಟಕ್ ಅಂದಾಗಲೇ ಗೊತ್ತಾಗುವುದು. ಆಮೇಲೆ ಹಣ್ಣು ಒಡೆಯುವ ಸದ್ದು, ಉಸಿರು. ಅಮ್ಮ ಟಾರ್ಚ್ ಆರಿಸಿದರು. “ಆನೆ ಬಂದಿದೆಯಾ ಅಜ್ಜಿ?” ಅಂತ ಪುಟ್ಟಿ ಪಿಸುಗುಟ್ಟಿದಳು. “ಹೆಸರು ಹೇಳಬೇಡ. ದೊಡ್ಡದು ಅನ್ನು” ಅಂದರು ಅಮ್ಮ. ಒಂದು ಗಂಟೆ ನಾವು ಮೂವರೂ ಮಂಚದ ಮೇಲೆ ಅಲುಗಾಡದೆ ಕೂತಿದ್ದೆವು.

ಆನೆ 2010ರಿಂದ ರಾಷ್ಟ್ರೀಯ ಪಾರಂಪರಿಕ ಪ್ರಾಣಿ. ನಮ್ಮ ರಾಜ್ಯದ ಪ್ರಾಣಿಯೂ ಅದೇ. ಬೆಳಗ್ಗೆ ಲದ್ದಿಯ ಹತ್ತಿರ ನಿಂತು ಪುಟ್ಟಿ ಕೇಳಿದಳು, “ಇದಕ್ಕೆ ಏನು ಸೇರಿಸೋದು?” ನನಗೆ ಏನೂ ತೋಚಲಿಲ್ಲ. ರೆಕ್ಕೆಯ ಆನೆ, ಗುಲಾಬಿ ಬಣ್ಣದ ಆನೆ, ಇವೆಲ್ಲ ಆನೆ ಬೇಲಿಯಾಚೆ ಇಲ್ಲದ ಊರಿನವರಿಗೆ ಸರಿ. ಇಲ್ಲಿ ಬೆಳಗ್ಗೆ ತೋಟಕ್ಕೆ ಹೋದವರು ವಾಪಸ್ ಬಾರದ ಮನೆಗಳಿವೆ. ಅವೇ ಮನೆಗಳಲ್ಲಿ ಗಣಪತಿಯ ಫೋಟೋವೂ ಇದೆ. ಇದರ ಮೇಲೆ ನಾನೇನು ಕಟ್ಟಲಿ? ಭಾರೀ ದನಿಯ ಗುಡುಗನ್ನು, ನಮ್ಮ ಕಿವಿಗೆ ಕೇಳದ ಸದ್ದನ್ನೂ ಪಾದದಿಂದ ನೆಲದ ಮೂಲಕ ಕೇಳಿಸಿಕೊಳ್ಳುವ ಪ್ರಾಣಿ ಅದು. ಕಾಫಿ ಹಣ್ಣಾಗುವ ಕಾಲದಲ್ಲಾದರೆ ಲದ್ದಿಯಲ್ಲಿ ಕಾಫಿ ಬೀಜ ಹಾಗೇ ಇಡಿಯಾಗಿರುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿ ಗಿಡ ಬರುತ್ತದೆ. ಯಾರೂ ನೆಡದ ಜಾಗದಲ್ಲಿ ರೋಬಸ್ಟಾ.

“ಇದನ್ನ ಹಾಗೇ ಬಿಡೋಣ” ಅಂದಳು ಪುಟ್ಟಿ.

ಬುಧವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಊರಿನ ಅಯ್ಯಪ್ಪನ ದೇವರಕಾಡಿಗೆ ಹೋದೆವು. ಕೊಡಗಿನಲ್ಲಿ ಇಂಥ ದೇವರಕಾಡು 1,214 ಇವೆ ಅಂತ ದಾಖಲೆ. ನಮ್ಮದು ಸಣ್ಣದು, ಎರಡು ಎಕರೆಯೂ ಇಲ್ಲ. ಒಳಗಿನಿಂದ ಒಣ ಕಡ್ಡಿಯನ್ನೂ ತರುವ ಹಾಗಿಲ್ಲ ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವರು ನಾವು. ಅಯ್ಯಪ್ಪ ಬೇಟೆಗಾರ ದೇವರು, ಅದಕ್ಕೆ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಮರದ ಬುಡದಲ್ಲಿ ಸಾಲು ಸಾಲು ನಾಯಿಗಳು. ಹೊಸವು ನಾಯಿಯ ಹಾಗೇ ಇವೆ. ಹಳೆಯವು ಬೇರೇನೋ ಆಗಿವೆ. ಒಂದಕ್ಕೆ ಕಿವಿ ಕರಗಿ ಹೋಗಿ ಸೀಲ್ ಪ್ರಾಣಿಯ ಹಾಗೆ ತಲೆ ನುಣ್ಣಗಾಗಿತ್ತು. ಇನ್ನೊಂದರ ಮೈಯೆಲ್ಲ ಪಾಚಿ, ತೆರೆದ ಬಾಯಿಯಿಂದ ಜರಿಗಿಡವೊಂದು ನಾಲಿಗೆಯ ಹಾಗೆ ಹೊರಗೆ ಬಂದಿತ್ತು. ಪುಟ್ಟಿ ಅದರ ಮುಂದೆ ಕುಕ್ಕರಗಾಲಲ್ಲಿ ತುಂಬಾ ಹೊತ್ತು ಕೂತಳು. ಕಾಲಿಗೆ ಮೂರು ಇಂಬಳ ಹತ್ತಿದ್ದೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ಕೇಳಿದಳು. “ಮಾವ, ಒಂದು ಪ್ರಾಣಿ ವರ್ಷಪೂರ್ತಿ ಮಾಮೂಲಿ ನಾಯಿ ಆಗಿದ್ದು, ಒಂದು ದಿನ ಮಾತ್ರ ಬೇರೆ ಆದರೆ?”

“ಯಾವ ದಿನ?”

“ಮದ್ದು ಪಾಯಸದ ದಿನ.”

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದ ಆಟಿ ತಿಂಗಳಿನ 18ನೇ ದಿನ ಅದು. ನಾವು ಆಟಿ 18 ಅನ್ನುತ್ತೇವೆ, ಕೊಡವರು ಕಕ್ಕಡ 18. ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಮದ್ದು ಸೊಪ್ಪು ಅಂತ ಒಂದು ಗಿಡವಿದೆ. ಬೇಲಿ ಬದಿಯಲ್ಲಿ ಸುಮ್ನೆ ಬೆಳೆದುಕೊಂಡಿರುತ್ತದೆ, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆಟಿ ಶುರುವಾದ ಮೇಲೆ ದಿನಕ್ಕೊಂದು ಮದ್ದಿನಂತೆ ಅದಕ್ಕೆ ಸೇರುತ್ತ ಹೋಗಿ 18ನೇ ದಿನಕ್ಕೆ 18 ಮದ್ದೂ ತುಂಬುತ್ತವೆ ಅಂತ ನಂಬಿಕೆ. ಅವತ್ತು ಸೊಪ್ಪನ್ನು ನೀರಲ್ಲಿ ಬೇಯಿಸಿದರೆ ಕಡುನೇರಳೆ ರಸ ಬಿಡುತ್ತದೆ. ಅದರಲ್ಲಿ ಪಾಯಸ ಮಾಡಿ ತಿನ್ನುತ್ತೇವೆ. ಮರುದಿನ ಬೆಳಗ್ಗೆ ಬಚ್ಚಲಿಗೆ ಹೋದ ಮಕ್ಕಳು ಕಿರುಚುತ್ತಾರೆ, ಯಾಕೆಂದರೆ ಮೂತ್ರ ಕೆಂಪಗೆ ಬರುತ್ತದೆ. ಗೊತ್ತಿದ್ದವರು ನಗುತ್ತಾರೆ. ರಾಷ್ಟ್ರೀಯ ಗಿಡಗಳ ಚಾರ್ಟಿನಲ್ಲಿ ಇದು ಎಂದೂ ಬರಲಿಕ್ಕಿಲ್ಲ. ನನ್ನ ಕೇಳಿದರೆ ಆಲ, ಮಾವುಗಳಿಗಿಂತ ಕತೆ ಇದರಲ್ಲೇ ಜಾಸ್ತಿ ಇದೆ.

ಪುಟ್ಟಿಯ ಪ್ರಾಣಿಯ ಹೆಸರು ‘ಹದಿನೆಂಟು’. ಅದು ಯಾವ ನಾಯಿ ಅಂತ ಯಾರಿಗೂ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದೂ ಆಗಿರಬಹುದು, ನಮ್ಮ ಮನೆಯದೂ ಆಗಿರಬಹುದು. ಅದಕ್ಕೇ ಯಾವ ನಾಯಿಗೂ ಕಲ್ಲು ಹೊಡೆಯುವ ಹಾಗಿಲ್ಲ. ಆಟಿ ಶುರುವಾದ ದಿನದಿಂದ ಅದು ರಾತ್ರಿ ಒಂದೊಂದು ಮನೆಯ ಹಿಂದೆ ಹೋಗಿ ಒಂದೊಂದು ಎಲೆ ತಿನ್ನುತ್ತದೆ. 18ನೇ ರಾತ್ರಿ ಅದರ ಮೈ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಬಣ್ಣವನ್ನು ಯಾರೂ ನೋಡಿಲ್ಲ. ಆಟಿಯ ಕತ್ತಲಲ್ಲಿ, ಅಂಥ ಮಳೆಯಲ್ಲಿ ಏನು ಕಾಣುತ್ತದೆ? ಬೆಳಗ್ಗೆ ಹೆಜ್ಜೆ ಮಾತ್ರ ಇರುತ್ತದೆ, ಕೆಂಪು ನೀರು ತುಂಬಿಕೊಂಡು. ಚಿತ್ರ ಬರಿ ಅಂದರೆ ಹಾಳೆಯ ತುಂಬ ಹೆಜ್ಜೆಗಳನ್ನಷ್ಟೇ ಬರೆದಳು. ಪ್ರಾಣಿ ಇಲ್ಲ. ನವಿಲಿನ ಬಾಲದ ಹುಲಿ ಬರೆದವಳು ಇವಳೇನಾ ಅಂತ ನಾನು ಸುಮ್ಮನೆ ನೋಡುತ್ತ ನಿಂತೆ.

ಗುರುವಾರ ಭಾವ ಜೀಪಿನಲ್ಲಿ ಬಂದು ಕರೆದುಕೊಂಡು ಹೋದರು.

ಆಟಿ 18ರ ಮರುದಿನ ಬೆಳಗ್ಗೆ ಏಳಕ್ಕೇ ಫೋನು. “ಮಾವ, ಹೆಜ್ಜೆ ಇದೆಯಾ ನೋಡಿ.” ಬಚ್ಚಲಿನ ಸಮಾಚಾರವನ್ನೂ ನಗುತ್ತ ಹೇಳಿದಳು. ಫೋನು ಕಿವಿಗೆ ಹಿಡಿದುಕೊಂಡೇ ಕೊಡೆ ಬಿಡಿಸಿ ಪಂಪ್‌ಹೌಸಿನ ದಾರಿ ಹಿಡಿದೆ. ನಾಯಿಯ ಹೆಜ್ಜೆ ಇರಲಿಲ್ಲ, ಇದ್ದರೂ ಮಳೆ ತೊಳೆದಿರಬೇಕು. ಇದ್ದದ್ದು ಹಲಸಿಗೆ ಬಂದ ದೊಡ್ಡದರ ಹೆಜ್ಜೆ. ಮುಕ್ಕಾಲು ಅಡಿ ಆಳ, ಅಂಚು ಇನ್ನೂ ಕುಸಿದಿಲ್ಲ, ಒಳಗೆ ಕೆಮ್ಮಣ್ಣಿನ ನೀರು. ಬಗ್ಗಿ ನೋಡಿದರೆ ತಳದಲ್ಲಿ ಗೊದಮೊಟ್ಟೆಗಳು, ಮೂವತ್ತು ನಲವತ್ತು ಇರಬಹುದು. ಒಂದೇ ಕಡೆ ಗುಂಪಾಗಿ ಬಾಲ ಅಲ್ಲಾಡಿಸುತ್ತಿದ್ದವು.

“ಕಪ್ಪೆ ಮರಿ ಇದೆ” ಅಂದೆ.

“ನೀರು ಬೆಚ್ಚಗಿದೆಯಾ?”

ಕೊಡೆಯನ್ನು ಭುಜಕ್ಕೆ ಸಿಕ್ಕಿಸಿಕೊಂಡು ಕೈ ಅದ್ದಿದೆ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

“ಉಗುರುಬೆಚ್ಚಗಿದೆ” ಅಂದೆ.